ಬೆಕ್ಕು ಕೊಡುವ ಮೊದಲು ಕೇಳುವ ಪ್ರಶ್ನೆಗಳು

ಬೆಂಗಳೂರಿನಂಥ ಊರಿನಲ್ಲಿ ಬೆಕ್ಕೊಂದನ್ನು ದತ್ತು ತೆಗೆದುಕೊಳ್ಳಬೇಕೆಂದು ಪ್ರಾಣಿರಕ್ಷಣೆಯ ಸ್ವಯಂಸೇವಕರನ್ನು ಕೇಳಿದರೆ, ಬೆಕ್ಕಿಗಿಂತ ಮೊದಲು ಅರ್ಜಿಯೊಂದು ಕೈಗೆ ಬರುತ್ತದೆ. ಮನೆ ಸ್ವಂತದ್ದೋ ಬಾಡಿಗೆಯದೋ? ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಇದೆಯೇ? ಮನೆಯಲ್ಲಿ ಎಲ್ಲರಿಗೂ ಮನಸ್ಸಿದೆಯೇ? ಹಬ್ಬಕ್ಕೆ ಊರಿಗೆ ಹೋದಾಗ ಊಟ ಹಾಕುವವರು ಯಾರು? ಬಾಲ್ಕನಿಗೆ ಬಲೆ ಕಟ್ಟಿಸಿದ್ದೀರಾ? ಇದೆಲ್ಲ ಮುಗಿದ ಮೇಲೆ ಯಾರಾದರೂ ಬಂದು ಮನೆಯನ್ನೂ ನೋಡಿಹೋಗುತ್ತಾರೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ, ಬೀದಿಯಲ್ಲಿ ಸಿಕ್ಕ ಬೆಕ್ಕಿಗೆ ಇಷ್ಟೆಲ್ಲ ಯಾಕೆ ಎಂದು ಬೇಸರಪಟ್ಟು ಹಿಂದೆ ಸರಿಯುವವರು ಹಲವರಿದ್ದಾರೆ. ಅವರ ಬೇಸರ ಅರ್ಥವಾಗುವಂಥದ್ದೇ. ಆದರೂ, ಬೆಕ್ಕನ್ನು ಬೀದಿಯಿಂದ ಎತ್ತಿ ತರುವುದಕ್ಕಿಂತ ಈ ವಿಚಾರಣೆಯೇ ಇಂಥ ಸಂಸ್ಥೆಗಳು ಮಾಡುವ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ಈ ಕೆಲಸ ನಡೆಯುವುದು ಎಲ್ಲಿ ಎಂಬುದನ್ನು ಮೊದಲು ನೋಡಬೇಕು. 1991ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ಯುಪಾದಂಥ ಹಳೆಯ ಸಂಸ್ಥೆಗಳಿಗೆ ತಮ್ಮದೇ ಆಶ್ರಯತಾಣಗಳಿವೆ. ಸಣ್ಣ ಗುಂಪುಗಳಿಗೆ ಅದೂ ಇರುವುದಿಲ್ಲ. ಯಾರದೋ ಮನೆಯ ಒಂದು ಕೋಣೆ, ಇಲ್ಲವೇ ಸ್ನಾನದಮನೆಯ ಒಂದು ಮೂಲೆಯೇ ಅವರ ಆಶ್ರಯತಾಣ. ತಾಯಿ ಸತ್ತು ಚರಂಡಿಯ ಪಕ್ಕ ಸಿಕ್ಕ ಮರಿಗೆ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲೂಡಬೇಕು. ಹಸುವಿನ ಹಾಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಬೇಕು. ಮೊದಲ ಮೂರು ವಾರ ಅದಕ್ಕೆ ತಾನಾಗಿ ಮೂತ್ರ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವುದನ್ನು ಇಲ್ಲಿ ಬೆಚ್ಚಗಿನ ಒದ್ದೆ ಹತ್ತಿಯಿಂದ ಒರೆಸಿ ಒರೆಸಿ ಮಾಡಿಸಬೇಕು. ಆಮೇಲೆ ಜಂತುಹುಳುವಿನ ಔಷಧಿ, ಮರಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ರೋಗಕ್ಕೆ ಲಸಿಕೆ, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಇಷ್ಟನ್ನೂ ಮಾಡುವವರು ಹಗಲು ಬೇರೆ ನೌಕರಿ ಮಾಡುವ ಜನ. ಹೀಗಾಗಿ ಇಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ಜಾಗ. ಒಂದು ಬೆಕ್ಕು ಒಳ್ಳೆಯ ಮನೆ ಸೇರಿದರೆ ಆ ಮೂಲೆ ಇನ್ನೊಂದಕ್ಕೆ ಸಿಗುತ್ತದೆ. ಅವಸರದಲ್ಲಿ ಕೊಟ್ಟ ಬೆಕ್ಕು ತಿಂಗಳೊಳಗೆ ವಾಪಸು ಬಂದರೆ ಅದೂ ಬೆದರಿರುತ್ತದೆ, ಸರದಿಯಲ್ಲಿದ್ದ ಇನ್ನೊಂದಕ್ಕೂ ಬಾಗಿಲು ಮುಚ್ಚುತ್ತದೆ. ಮೊದಲೇ ಕೇಳುವ ಹತ್ತು ಪ್ರಶ್ನೆ ಈ ಎರಡು ಜೀವಗಳ ಲೆಕ್ಕದಲ್ಲಿ ಹುಟ್ಟಿದ್ದು.

ಬಾಲ್ಕನಿಯ ಬಲೆಯ ವಿಷಯಕ್ಕೆ ಬರೋಣ, ಯಾಕೆಂದರೆ ಹೆಚ್ಚು ತಕರಾರು ಏಳುವುದು ಇಲ್ಲೇ. ಬೆಕ್ಕು ಬೀಳುವುದಿಲ್ಲ, ಬಿದ್ದರೂ ಕಾಲ ಮೇಲೇ ಬೀಳುತ್ತದೆ ಎನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ನ್ಯೂಯಾರ್ಕಿನ ಪಶುವೈದ್ಯರು ಕಟ್ಟಡಗಳಿಂದ ಬಿದ್ದು ಚಿಕಿತ್ಸೆಗೆ ಬಂದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಪ್ರಕಟಿಸಿದರು. ಅವೆಲ್ಲ ಬಂದದ್ದು ಬರೀ ಐದು ತಿಂಗಳಲ್ಲಿ, ಒಂದೇ ಆಸ್ಪತ್ರೆಗೆ. ಚಿಕಿತ್ಸೆ ಸಿಕ್ಕವುಗಳಲ್ಲಿ ಹೆಚ್ಚಿನವು ಉಳಿದವು ಎಂಬ ಮಾತನ್ನಷ್ಟೇ ಜನ ನೆನಪಿಟ್ಟುಕೊಂಡಿದ್ದಾರೆ. ಎದೆಗೆ ಬಿದ್ದ ಪೆಟ್ಟು, ಒಡೆದ ದವಡೆ, ಮುರಿದ ಕಾಲು ಮರೆತುಹೋಗಿವೆ. ಬಿದ್ದ ಜಾಗದಲ್ಲೇ ಸತ್ತವು ಆಸ್ಪತ್ರೆಯ ಲೆಕ್ಕಕ್ಕೆ ಬರುವುದೂ ಇಲ್ಲ. ಪಾರಿವಾಳ ಕಂಡ ಬೆಕ್ಕಿಗೆ ಎಷ್ಟನೇ ಮಹಡಿ ಎಂಬ ಎಚ್ಚರ ಇರುವುದಿಲ್ಲ. ಮನೆ ನೋಡಲು ಬಂದವರು ಗ್ರಿಲ್ಲಿನ ಸರಳುಗಳ ನಡುವೆ ಮುಷ್ಟಿ ತೂರಿಸಿ ನೋಡುವುದು ಇದಕ್ಕೇ. ತಲೆ ಹೋದ ಕಡೆ ಮರಿಯ ಮೈಯೂ ಹೋಗುತ್ತದೆ.

ಊರಿನ ಹೆಂಚಿನ ಮನೆಗಳಲ್ಲಿ ಬೆಕ್ಕು ತನ್ನ ಪಾಡಿಗೆ ಬಂದುಹೋಗಿ ಇರುತ್ತಿರಲಿಲ್ಲವೇ, ಅದನ್ನು ಕೂಡಿಹಾಕುವುದು ಯಾವ ದಯೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅಲ್ಲಿ ಕಣಜವಿತ್ತು, ಅಟ್ಟವಿತ್ತು, ಇಲಿಗಳಿದ್ದವು. ಬೆಕ್ಕಿಗೆ ಕೆಲಸವೂ ಇತ್ತು, ಜಾಗವೂ ಇತ್ತು. ಹಾಗಿದ್ದೂ ಎಷ್ಟು ಮರಿಗಳು ಗಂಡುಬೆಕ್ಕಿನ ಬಾಯಿಗೋ ನಾಯಿಯ ಬಾಯಿಗೋ ಹೋದವು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮಹಾನಗರದ ರಸ್ತೆಯಲ್ಲಿ ಆ ಸ್ವಾತಂತ್ರ್ಯವೆಂದರೆ ವಾಹನದ ಚಕ್ರ. ಸಂತಾನಹರಣ ಚಿಕಿತ್ಸೆಯ ಷರತ್ತಿಗೂ, ಪ್ರಕೃತಿಗೆ ವಿರುದ್ಧ ಎಂಬ ಇಂಥದೇ ಆಕ್ಷೇಪವಿದೆ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಒಂಬತ್ತು ವಾರ, ಸೂಲಿಗೆ ನಾಲ್ಕೈದು ಮರಿ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲಬಹುದು. ಆ ಮರಿಗಳಿಗೆಲ್ಲ ಮನೆ ಎಲ್ಲಿದೆ? ಎಳೆಯ ವಯಸ್ಸಿನಲ್ಲೇ ಚಿಕಿತ್ಸೆಯಾದ ಹೆಣ್ಣುಬೆಕ್ಕಿಗೆ ಸ್ತನದ ಗೆಡ್ಡೆಯ ಭಯ ಬಹುಪಾಲು ತಪ್ಪುತ್ತದೆ, ಗರ್ಭಕೋಶದ ಕೀವಿನ ಭಯವೂ ತಪ್ಪುತ್ತದೆ. ಪ್ರಕೃತಿಯ ಹೆಸರು ಹೇಳಿ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹತ್ತಿರ ಬಿಟ್ಟುಬರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಮನೆಯವರೆಲ್ಲರ ಒಪ್ಪಿಗೆ ಕೇಳುವುದರ ಹಿಂದೆಯೂ ಗಟ್ಟಿ ಕಾರಣವಿದೆ. ಸೊಸೆ ಬಸುರಿಯಾದಳು ಎಂದ ಕೂಡಲೇ ಬೆಕ್ಕನ್ನು ಹೊರಹಾಕುವ ಮನೆಗಳುಂಟು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಗರ್ಭದ ಶಿಶುವಿಗೆ ಅಪಾಯಕಾರಿ ಎನ್ನುವುದು ನಿಜ. ಆದರೆ ಸೋಂಕು ತಗುಲಿದ ಬೆಕ್ಕು ಅದನ್ನು ಮಲದಲ್ಲಿ ಹೊರಹಾಕುವುದು ಸಾಮಾನ್ಯವಾಗಿ ಬದುಕಿನಲ್ಲೊಮ್ಮೆ, ಕೆಲವು ವಾರ ಮಾತ್ರ. ಹೊರಬಿದ್ದ ಮೇಲೂ ಅದು ಸೋಂಕುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಬೆಕ್ಕಿಗೆ ಹಸಿ ಮಾಂಸ ಹಾಕದೆ, ಮಲದ ತಟ್ಟೆಯನ್ನು ಬೇರೆಯವರು ದಿನಾ ತೊಳೆದರೆ ಈ ಭಯ ಬಹಳ ಮಟ್ಟಿಗೆ ಕಳೆಯುತ್ತದೆ. ಅರೆಬೆಂದ ಮಾಂಸದಿಂದ, ಸರಿಯಾಗಿ ತೊಳೆಯದ ಸೊಪ್ಪಿನಿಂದಲೂ ಇದೇ ಸೋಂಕು ಬರುತ್ತದೆ. ಇದನ್ನೆಲ್ಲ ಅತ್ತೆಯ ಎದುರಿಗೇ ಕೂತು ಮೊದಲೇ ಮಾತಾಡಿಕೊಂಡರೆ ಮುಂದೆ ಬೆಕ್ಕಿನ ಜೀವ ಉಳಿಯುತ್ತದೆ.

ಹಾಗೆಂದು ಸ್ವಯಂಸೇವಕರು ಕೇಳುವುದೆಲ್ಲ ಸರಿ ಎಂದು ನಾನು ಹೇಳಲಾರೆ. ಮದುವೆಯಾಗದವರಿಗೆ ಕೊಡುವುದಿಲ್ಲ, ಬಾಡಿಗೆದಾರರಿಗೆ ಕೊಡುವುದೇ ಇಲ್ಲ ಎಂದು ಸಾರಾಸಗಟಾಗಿ ನಿರಾಕರಿಸುವುದು ಅನ್ಯಾಯ. ಒಬ್ಬಂಟಿ ಬದುಕುವವರು ಬೆಕ್ಕನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳಬಲ್ಲರು ಎಂಬುದನ್ನು ಅಂಥ ನಿಯಮ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ವ್ಯವಸ್ಥೆಯದಾಗಬೇಕು, ಮನುಷ್ಯರ ಜಾತಕದ್ದಲ್ಲ. ಕೇಳುವ ಧಾಟಿಯಲ್ಲೂ ಸೌಜನ್ಯ ಬೇಕು. ಮರಿಯೇ ಬೇಕೆಂದು ಪಟ್ಟುಹಿಡಿಯುವ ನಾವೂ ಸ್ವಲ್ಪ ಸಡಿಲಿಸಬೇಕು. ಎರಡು-ಮೂರು ವರ್ಷದ ಬೆಕ್ಕಿನ ಸ್ವಭಾವ, ಅದು ಮಕ್ಕಳನ್ನು ಸಹಿಸುತ್ತದೆಯೇ, ನಾಯಿಗೆ ಹೆದರುತ್ತದೆಯೇ ಎನ್ನುವುದೆಲ್ಲ ಸಾಕಿದವರಿಗೆ ಗೊತ್ತಿರುತ್ತದೆ. ಮರಿಯ ವಿಷಯದಲ್ಲಿ ಯಾರೂ ಅಷ್ಟು ಖಚಿತವಾಗಿ ಹೇಳಲಾರರು.

ಕೊನೆಗೆ ಸಹಿ ಹಾಕಿಸಿಕೊಳ್ಳುವ ಪತ್ರದಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಸಾಕಲು ಆಗದಿದ್ದರೆ ಬೆಕ್ಕನ್ನು ಎಲ್ಲೂ ಬಿಡದೆ ನಮಗೇ ಹಿಂದಿರುಗಿಸಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಗೊತ್ತುಮಾಡಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇಂದಿನ ಬೆಂಗಳೂರಿನಲ್ಲಿ ಆಟೋದ ಬಾಡಿಗೆಗೂ ಸಾಲದ ಈ ದಂಡಕ್ಕೆ ಹೆದರಿ ಯಾರೂ ಬೆಕ್ಕನ್ನು ಉಳಿಸಿಕೊಳ್ಳುವುದಿಲ್ಲ. ಆ ಕಾಯ್ದೆ ಬಿಗಿಯಾಗುವವರೆಗೆ ಬೆಕ್ಕಿನ ಬೆನ್ನಿಗಿರುವುದು ಈ ಅರ್ಜಿ, ಈ ಸಹಿ, ಮತ್ತು ತಿಂಗಳ ಮೇಲೆ ಫೋನು ಮಾಡಿ ಅದು ಹೇಗಿದೆ ಎಂದು ವಿಚಾರಿಸುವ ಆ ಸ್ವಯಂಸೇವಕರು.