ಯೋಗ ಮಾಡಿ, ಕಿಮೋ ಬಿಡಬೇಡಿ



ಮಂಡ್ಯ, ಮದ್ದೂರಿನವರು ರೈಲು ಹಿಡೀತಾರೆ. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ಕ್ಯಾನ್ಸರ್ ಅಂದ ಕೂಡಲೇ ಎಷ್ಟೋ ಜನ ಓಡೋದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ. ಕೈಯಲ್ಲಿ ಫೈಲು, ಹೊಟ್ಟೆಯಲ್ಲಿ ಭಯ. ವಾಪಸ್ ಬಂದರೆ ವಾಂತಿ, ಸುಸ್ತು. ಅದರ ಮೇಲೆ ಜಗಲಿಗೆ ಬಂದವರ ಸಲಹೆ: 'ಅಕ್ಕಾ, ಆ ಕರೆಂಟು ಕೊಡಿಸ್ಕೋಬ್ಯಾಡ. ಪ್ರಾಣಾಯಾಮ ಮಾಡು, ಎಲ್ಲಾ ವಾಸಿ ಆಯ್ತದೆ.'

ಆಗುತ್ತಾ? ಇವತ್ತಿನ ಪ್ರಶ್ನೆ ಇಷ್ಟೇ.

ನಾನು ಓದಿದ್ದು ಇಂಜಿನಿಯರಿಂಗ್. ನಂಬೋಕೆ ಮುಂಚೆ ಅಳತೆ ಕೇಳೋದು ಅಭ್ಯಾಸ. ಅಳತೆ ನಮ್ಮ ಪಕ್ಕದಲ್ಲೇ ಇದೆ. ಜಿಗಣಿಯ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಮತ್ತು ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ತಜ್ಞರು ಸೇರಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುತ್ತಿದ್ದ 163 ಮಹಿಳೆಯರು. ಕೆಲವರಿಗೆ 6 ವಾರ ಯೋಗ, ಕೆಲವರಿಗೆ ಬರೀ ಮೈ ಸಡಿಲಿಸುವ ವ್ಯಾಯಾಮ, ಉಳಿದವರಿಗೆ ಎರಡೂ ಇಲ್ಲ. ಯೋಗ, ವ್ಯಾಯಾಮ ಎರಡರಲ್ಲೂ ಸುಸ್ತು ತಗ್ಗಿತು. ಆದರೆ ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಯೋಗ ಮಾಡಿದವರಲ್ಲೇ ಹೆಚ್ಚು ಸುಧಾರಿಸಿತು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಹತೋಟಿಗೆ ಬಂತು.

ಗಮನಿಸಿ: ಅವರು ಯೋಗ ಮಾಡಿದ್ದು ರೇಡಿಯೇಷನ್ ಜೊತೆಗೆ. ಬದಲಿಗೆ ಅಲ್ಲ.

ಬದಲಿಗೆ ಮಾಡಿದರೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಲೆಕ್ಕ ಕೊಟ್ಟಿತು. ಆಸ್ಪತ್ರೆ ಚಿಕಿತ್ಸೆ ಬಿಟ್ಟು ಪರ್ಯಾಯ ವೈದ್ಯವನ್ನಷ್ಟೇ ನಂಬಿದವರಿಗೆ ಸಾವಿನ ಅಪಾಯ 2.5 ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ 5 ಪಟ್ಟಿಗೂ ಜಾಸ್ತಿ.

ಕಬ್ಬು ಬೆಳೆಯೋ ಜಿಲ್ಲೆಗೆ ಇದನ್ನ ಬಿಡಿಸಿ ಹೇಳಬೇಕಾ? ನೀರು ಹಾಯಿಸಿದರೆ ಪೈರಿಗೆ ಚೈತನ್ಯ. ಆದರೆ ನೀರಿಗೆ ಕಳೆ ಸಾಯಲ್ಲ. ಕಳೆ ಕೀಳಲೇಬೇಕು.

ಇನ್ನೊಂದು ಮಾತು. 'ಅವಳು ಧೈರ್ಯ ಕಳ್ಕೊಂಡ್ಳು, ಅದಕ್ಕೇ ಕಾಯಿಲೆ ಜಾಸ್ತಿ ಆಯ್ತು' ಅಂತ ದಯವಿಟ್ಟು ಹೇಳಬೇಡಿ. ಗೆಡ್ಡೆ ಬೆಳೆಯೋದು ಜೀವಕೋಶ ಕೆಟ್ಟಿದ್ದರಿಂದ, ಆಕೆ ಅತ್ತಿದ್ದರಿಂದ ಅಲ್ಲ. ಅಳು ಬಂದರೆ ಅಳಲಿ ಬಿಡಿ.

ಯೋಗ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಿ. ಆಪರೇಷನ್ ಗಾಯ ಹಸಿಯಾಗಿದ್ದರೆ, ಕಾಯಿಲೆ ಮೂಳೆಗೆ ಇಳಿದಿದ್ದರೆ ಬಗ್ಗೋ, ತಿರುಚೋ ಆಸನ ಅಪಾಯ. ಕೂತು ನಿಧಾನವಾಗಿ ಉಸಿರಾಡೋದು ಬಹುತೇಕ ಎಲ್ಲರಿಗೂ ಆಗುತ್ತೆ.

ಮನೆಯವರೇ, ದಿನಕ್ಕೆ 10 ನಿಮಿಷ ಅವರ ಪಕ್ಕ ಕೂತು ನೀವೂ ಉಸಿರಾಡಿ. ಮುಂದಿನ ಕಿಮೋ ತಾರೀಕು ಮಾತ್ರ ತಪ್ಪಿಸಬೇಡಿ.