ಎದುರಾಳಿಯ ಕ್ಯಾಸೆಟ್

ಕ್ಯಾಸೆಟ್ಟುಗಳ ಕಾಲದಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಚಹಾದಂಗಡಿಯಲ್ಲಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ನಾವು ನಾಲ್ವರು ಗೆಳೆಯರು ಹಾಡಿಗಾಗಿ ಜಗಳಾಡುತ್ತಿದ್ದೆವು. ಒಬ್ಬನಿಗೆ 1978ರ ‘ನಿತ್ಯೋತ್ಸವ’ವೇ ಸರ್ವಸ್ವ: ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಇನ್ನೊಬ್ಬ ಕವ್ವಾಲಿ ಬಿಟ್ಟು ಕದಲುತ್ತಿರಲಿಲ್ಲ. ಮೂರನೆಯವನಿಗೆ ಘಂಟಸಾಲ. ನಾನು ಭೀಮಸೇನ ಜೋಶಿಯವರ ಪಕ್ಷ.

ಮಾತು ಬಿಸಿಯೇರಿದರೆ ಒಂದೇ ಕರಾರು: ಎದುರಾಳಿಯ ಕ್ಯಾಸೆಟ್ಟನ್ನು ಮನೆಗೊಯ್ದು ವಾರವಿಡೀ ಕೇಳಬೇಕು, ಬೈಯುವುದು ಆಮೇಲೆ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ, ಜೋಪಾನವಾಗಿ ಮರಳಿಸಬೇಕು. ಬೈಯಲೆಂದೇ ಕವ್ವಾಲಿ ಒಯ್ದವನು ನಾನು. ಚಪ್ಪಾಳೆಯೇ ತಾಳವಾಗುವ ಸೊಗಸಿಗೆ ಸೋತು ಬಂದೆ.

ತನ್ನದಕ್ಕೇ ಅಂಟಿಕೊಳ್ಳದೆ ಇನ್ನೊಂದಕ್ಕೂ ತೆರೆದುಕೊಳ್ಳುವುದು ನಮ್ಮ ಸೀಮೆಯ ಗುಣವೂ ಹೌದು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಮನೆಮಾತು ತೆಲುಗು. ಬುರ್ರಕಥೆಯನ್ನು ಅವರು ಕನ್ನಡದಲ್ಲೂ ಹಾಡಿದರು.

ಈಗ ಫೋನು ನಮ್ಮ ರುಚಿ ಹಿಡಿದು, ಅದೇ ಬಗೆಯ ಹಾಡನ್ನು ಮತ್ತೆ ಮತ್ತೆ ಬಡಿಸುತ್ತದೆ. ‘ಇದೇನು ಮಹಾ, ಇದನ್ನು ಕೇಳು’ ಎಂದು ಎದುರಾಡುವ ಗೆಳೆಯ ಅದರೊಳಗಿಲ್ಲ. ವಾದ ಗೆದ್ದವನಿಗೆ ಉಳಿಯುವುದು ತನ್ನ ಹಾಡೊಂದೇ, ಸೋತವನಿಗೆ ಎರಡು. ಇವತ್ತು ನಿಮಗೆ ಒಗ್ಗದ ಒಬ್ಬರ ಮೆಚ್ಚಿನ ಹಾಡನ್ನು ಅವರಿಂದಲೇ ಪಡೆದು, ಕೊನೆಯವರೆಗೂ ಆಲಿಸಿ.