ನಾಲ್ವತ್ತು ಪೌಂಡಿನ ಸಾಲ



ಎಚ್. ಜಿ. ವೆಲ್ಸ್ ಎಂಬ ಆಂಗ್ಲ ಗ್ರಂಥಕರ್ತನ ‘ಆನ್ ವೆರೋನಿಕಾ’ ಎಂಬ ಕಾದಂಬರಿಯು 1909ರಲ್ಲಿ ಪ್ರಕಟವಾಯಿತು. ಮ್ಯಾಕ್‌ಮಿಲನ್ ಸಂಸ್ಥೆಯವರು ಇದನ್ನು ಅಚ್ಚುಮಾಡಲು ಒಪ್ಪಲಿಲ್ಲ. ಫಿಷರ್ ಅನ್ವಿನ್ ಎಂಬವರು ಹೊರತಂದರು. ‘ಸ್ಪೆಕ್ಟೇಟರ್’ ಪತ್ರಿಕೆಯು ಇದು ವಿಷಪ್ರಾಯವಾದ ಪುಸ್ತಕವೆಂದು ಕಠೋರವಾಗಿ ಖಂಡಿಸಿತು. ಇಷ್ಟಕ್ಕೂ ಅದರಲ್ಲಿದ್ದ ಅಪರಾಧವೇನು? ಮನೆಯೊಂದರ ಮಗಳು ತಂದೆಯ ಅಪ್ಪಣೆಯಿಲ್ಲದೆ ಹೊಸ್ತಿಲನ್ನು ದಾಟಿದಳು. ಗ್ರಂಥಕರ್ತನು ಆಕೆಯನ್ನು ದಂಡಿಸಲಿಲ್ಲ.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಆನ್ ವೆರೋನಿಕಾ ಸ್ಟ್ಯಾನ್ಲಿ ಇಪ್ಪತ್ತೊಂದು ವರ್ಷದ ತರುಣಿ. ತಂದೆ ವಕೀಲ, ತಾಯಿಯಿಲ್ಲದ ಮನೆಯಲ್ಲಿ ಸೋದರತ್ತೆಯ ಕಾವಲು. ಗೆಳತಿಯರೊಡನೆ ವೇಷದ ನರ್ತನಕೂಟವೊಂದಕ್ಕೆ ಹೋಗಕೂಡದೆಂದು ತಂದೆಯು ತಡೆದುದೇ ನೆಪವಾಗಿ ಆಕೆ ಲಂಡನ್ನಿಗೆ ಹೋಗಿ ಬಾಡಿಗೆಯ ಕೋಣೆಯಲ್ಲಿ ನಿಲ್ಲುವಳು. ಕೆಲಸವನ್ನರಸುವಳು, ತಕ್ಕುದು ಸಿಕ್ಕದು. ಆಗ ಪರಿಚಿತನಾದ ರಾಮೇಜ್ ಎಂಬ ಧನಿಕನು ನಾಲ್ವತ್ತು ಪೌಂಡುಗಳನ್ನು ಸಾಲವಾಗಿ ಕೊಡುವನು. ಆ ಹಣದಿಂದ ಆಕೆ ಜೀವಶಾಸ್ತ್ರದ ವ್ಯಾಸಂಗಕ್ಕೆ ಸೇರುವಳು. ಆದರೆ ಸಾಲಕ್ಕೆ ಬಡ್ಡಿ ಬೇರೆ ರೂಪದಲ್ಲಿ ಬೇಕಾಗಿತ್ತೆಂಬುದು ಒಂದು ರಾತ್ರಿ ಉಪಾಹಾರಗೃಹದ ಮುಚ್ಚಿದ ಕೋಣೆಯಲ್ಲಿ ಆಕೆಗೆ ತಿಳಿಯುವುದು. ತರುವಾಯ ಆಕೆ ಮತದಾನದ ಹಕ್ಕಿಗಾಗಿ ಹೋರಾಡುವ ಸ್ತ್ರೀಯರೊಡನೆ ಸೇರಿ ಕಾರಾಗೃಹವಾಸವನ್ನೂ ಅನುಭವಿಸುವಳು. ಕೊನೆಗೆ ಅಧ್ಯಾಪಕನಾದ ಕೇಪ್ಸ್ ಎಂಬವನ ಕೈಹಿಡಿಯುವಳು. ಅಂತ್ಯದಲ್ಲಿ ತಂದೆಯೂ ಅತ್ತೆಯೂ ಆಕೆಯ ಮನೆಗೇ ಊಟಕ್ಕೆ ಬರುವರು. ಬಂಡಾಯದ ಕಥೆಯು ಗೃಹಸ್ಥಾಶ್ರಮದಲ್ಲಿಯೇ ಮುಗಿದುದು ಗ್ರಂಥದ ಕುಂದೆಂದು ಹೇಳುವವರುಂಟು. ನಾನೂ ಬಹುಕಾಲ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆನು.

ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ನಮ್ಮ ಉಪ್ಪಿನಂಗಡಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ ಒಂದು ಪ್ರಶ್ನೆಯನ್ನು ಹಾಕಿದಳು: “ಸಾರ್, ಆ ನಾಲ್ವತ್ತು ಪೌಂಡು ದೊರೆಯದಿದ್ದರೆ ಅವಳು ಮರುವಾರವೇ ಮನೆಗೆ ಹಿಂದಿರುಗಬೇಕಾಗಿತ್ತಲ್ಲವೆ?” ನಾನು ಇಂಗ್ಲೆಂಡಿನಲ್ಲಿ ಮೂವತ್ತು ತುಂಬಿದ ಸ್ತ್ರೀಯರಲ್ಲಿ ಹಲವರಿಗೆ 1918ರಲ್ಲಿ ಮತದಾನವು ದೊರೆತುದನ್ನೂ, ಪುರುಷರಿಗೆ ಸಮನಾದ ಹಕ್ಕು 1928ರಲ್ಲಿ ಬಂದುದನ್ನೂ ವಿವರಿಸಿದೆನು. ಹುಡುಗಿ ಸುಮ್ಮನೆ ಕುಳಿತಳು. ಅವಳು ಕೇಳಿದುದು ಅದಲ್ಲವೆಂಬುದು ನನಗೂ ಗೊತ್ತಿತ್ತು.

ಈ ಪ್ರಶ್ನೆಯು ನಮಗೆ ಪರಕೀಯವಾದುದಲ್ಲ. ವೆಲ್ಸನಿಗಿಂತ ಹತ್ತು ವರ್ಷ ಮೊದಲೇ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಹೊರಬಂದಿತು. ವೆಂಕಟರಾಯರು ಪೋಲೀಸು ಇಲಾಖೆಯಲ್ಲಿದ್ದವರು. ಮನುಷ್ಯರ ಮರೆಯ ವ್ಯವಹಾರಗಳನ್ನು ಬಲ್ಲವರು. ಅವರ ನಾಯಿಕೆ ಬಾಲವಿಧವೆ. ಸಂತರ ವೇಷದ ದುರ್ಜನರಿಗೆ ಮನೆಯವರೇ ಬಾಗಿಲು ತೆರೆದಾಗ, ಮಾನವನ್ನು ಉಳಿಸಿಕೊಳ್ಳಲು ಆಕೆ ಮನೆಯನ್ನು ಬಿಟ್ಟು ಅಮೃತರಾಯನೆಂಬ ಸಜ್ಜನನ ಆಶ್ರಯವನ್ನು ಸೇರುವಳು. ಅಲ್ಲಿ ವಿದ್ಯೆಯನ್ನು ಕಲಿತು, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುವಳು. ಎರಡು ಕಥೆಗಳನ್ನೂ ಪಕ್ಕದಲ್ಲಿಟ್ಟು ನೋಡಿರಿ. ಇಬ್ಬರಲ್ಲಿಯೂ ಧೈರ್ಯವಿದೆ, ಬುದ್ಧಿಯಿದೆ. ಇಬ್ಬರಿಗೂ ಸ್ವಂತದ ಕಾಸಿಲ್ಲ. ಒಬ್ಬಳಿಗೆ ಅಮೃತರಾಯನು ಸಿಕ್ಕಿದನು, ಇನ್ನೊಬ್ಬಳಿಗೆ ರಾಮೇಜನು. ಯಾರು ಸಿಕ್ಕುವರೆಂಬುದು ಅದೃಷ್ಟದ ಮಾತಾಯಿತು. ಅದೃಷ್ಟವನ್ನು ನಂಬಿ ನಿಂತ ಸ್ವಾತಂತ್ರ್ಯವನ್ನು ಸ್ವಾತಂತ್ರ್ಯವೆಂದು ಕರೆಯಬಹುದೆ?

ತುಳುನಾಡಿನಲ್ಲಿ ಇದಕ್ಕೆ ಬೇರೆಯದೊಂದು ಉತ್ತರವೂ ಇತ್ತು. ಅಳಿಯಸಂತಾನದ ಕುಟುಂಬಗಳಲ್ಲಿ ಸಂತತಿಯು ಹೆಣ್ಣಿನ ಮೂಲಕ ನಡೆಯುತ್ತಿತ್ತು. ಗಂಡನೊಡನೆ ಬಾಳಲಾರದವಳು ಹುಟ್ಟಿದ ಮನೆಗೆ ಮರಳಿದರೆ ಅತಿಥಿಯಾಗಿ ಮರಳುತ್ತಿರಲಿಲ್ಲ. ಅದು ಅವಳ ಮನೆಯೇ ಆಗಿತ್ತು. ಯಜಮಾನಿಕೆಯು ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತೆಂಬುದನ್ನೂ ಮರೆಯಲಾಗದು. ಹೀಗಿದ್ದರೂ ಆ ಮನೆಯ ಹೆಣ್ಣು ನಾಲ್ವತ್ತು ಪೌಂಡಿಗಾಗಿ ಪರರ ಮುಖವನ್ನು ನೋಡಬೇಕಾಗಿರಲಿಲ್ಲ. 1949ರ ಮದರಾಸು ಶಾಸನವೂ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಬಂದ ಬಳಿಕ ಆ ಪದ್ಧತಿಯು ಸಡಿಲಿತು. ಉಳಿದವರ ಮನೆಗಳಲ್ಲಿ ಹೆಣ್ಣಿನ ಹಕ್ಕು ಮೆಲ್ಲಮೆಲ್ಲನೆ ಬಂದಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ದಾರಿಯನ್ನು ತೋರಿಸಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿಯು ಅವಿವಾಹಿತ ಪುತ್ರಿಯರನ್ನು ಪಿತ್ರಾರ್ಜಿತದಲ್ಲಿ ಪಾಲುಗಾರರನ್ನಾಗಿ ಮಾಡಿತು. 2005ರಲ್ಲಿ ಆ ಹಕ್ಕು ದೇಶದ ಎಲ್ಲ ಹಿಂದೂ ಪುತ್ರಿಯರಿಗೂ ದೊರೆಯಿತು. ಕಾಗದದ ಮೇಲೆ ಪ್ರಶ್ನೆಯು ಬಗೆಹರಿದಂತೆಯೇ ಆಯಿತು.

ಕಾಗದಕ್ಕೂ ಮನೆಗೂ ನಡುವೆ ಇರುವ ದೂರವನ್ನು ನಾನು ಬಲ್ಲೆನು. ನನಗೊಬ್ಬ ಅಕ್ಕನಿರುವಳು. ಶಾಲೆಯಲ್ಲಿ ಅವಳ ಅಂಕಗಳು ನನ್ನವುಗಳಿಗಿಂತ ಹೆಚ್ಚಿನವು. ಮಂಗಳೂರಿನ ವಿದ್ಯಾರ್ಥಿನಿಲಯದ ವೆಚ್ಚವನ್ನು ಒಬ್ಬರಿಗೆ ಮಾತ್ರ ಕೊಡಬಹುದೆಂದಾದಾಗ ಅದು ನನಗಾಗಿ ಉಳಿಯಿತು. ಅವಳು ಅಡಿಕೆ ಸುಲಿಯುವುದನ್ನು ಕಲಿತಳು. ನಾನು ‘ಆನ್ ವೆರೋನಿಕಾ’ವನ್ನು ಓದಿದೆನು. 2005ರ ಶಾಸನವು ಬಂದು ಕೆಲವು ವರ್ಷಗಳಾದ ಮೇಲೆ ನಮ್ಮ ತಂದೆಯವರು ತೀರಿಕೊಂಡರು. ಆಗ ಹಕ್ಕುಬಿಡುಗಡೆಯ ಪತ್ರವೊಂದು ಬರೆಯಲ್ಪಟ್ಟಿತು. ಅಕ್ಕ ನಗುತ್ತಲೇ ಸಹಿ ಹಾಕಿದಳು. ನಾನು ಅವಳಿಗೆ ಒಂದು ರೇಷ್ಮೆ ಸೀರೆಯನ್ನು ಕೊಟ್ಟೆನು. ಯಾರೂ ಬಲವಂತ ಮಾಡಲಿಲ್ಲ. ಇಂಥ ಸಹಿಗಳಿಗೆ ಬಲವಂತವು ಬೇಕಾಗುವುದೇ ಇಲ್ಲ.

ವಿದ್ಯಾರ್ಥಿನಿಯು ಪ್ರಶ್ನೆ ಕೇಳಿದ ಆ ವಾರ ಅಕ್ಕನ ಮನೆಗೆ ಹೋಗಿ, “ನೀನು ಅಂದು ಪಾಲನ್ನು ಏಕೆ ಕೇಳಲಿಲ್ಲ?” ಎಂದೆನು. ಅವಳು ಕಾಫಿಯನ್ನು ಮುಂದಿಟ್ಟು, “ಪಾಲು ಕೇಳಿದ್ದರೆ ತವರು ಇರುತ್ತಿತ್ತೇ? ಎರಡರಲ್ಲಿ ಒಂದು ಬೇಕಾಗಿತ್ತು, ತವರನ್ನು ಇಟ್ಟುಕೊಂಡೆ” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಇಷ್ಟು ವರ್ಷ ವೆಲ್ಸನ ಮೇಲೆ ಹೊರಿಸುತ್ತಿದ್ದ ಕುಂದು ಎಲ್ಲಿದೆಯೆಂಬುದು ಆಗ ತಿಳಿಯಿತು. ರಾಮೇಜನಂತಹ ದುರುಳನು ಕಥೆಗೆ ಬೇಕಾಗಬಹುದು; ಸಂಸಾರದಲ್ಲಿ ನನ್ನಂತಹ ಸಭ್ಯನಾದ ತಮ್ಮನಿದ್ದರೆ ಸಾಕು.

ಅಕ್ಕನ ಅಂಶವನ್ನು ಅವಳ ಹೆಸರಿಗೆ ಬರೆಯಿಸುವ ಪತ್ರವು ಈಗ ಸಿದ್ಧವಾಗುತ್ತಿದೆ. ಇದನ್ನು ಔದಾರ್ಯವೆಂದು ತಾವು ಎಣಿಸಬಾರದು. ತೀರಿಸಲು ತಡವಾದ ಸಾಲವಿದು. ಆ ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರವನ್ನೂ ಇಲ್ಲಿಯೇ ಹೇಳಿಬಿಡುವೆನು: ಹೌದು, ತಂಗಿ, ಅವಳು ಹಿಂದಿರುಗಬೇಕಾಗಿತ್ತು. ಧೈರ್ಯವು ಹೊಸ್ತಿಲನ್ನು ದಾಟಿಸುವುದು. ದಾಟಿದ ಮೇಲೆ ನಿಲ್ಲುವುದಕ್ಕೆ ಸ್ವಂತದ ನೆಲವು ಬೇಕು.